ನಮ್ಮ ಕಾಂಪೌಂಡು, ಅವರ ಫೋಟೊ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು 'ಶಿರಾ ಗೇಟ್ ಬಳಗ'. ಬೆಳಿಗ್ಗೆ ಶುಭೋದಯ, ಸಂಜೆ ಹುಣಸೆಹಣ್ಣಿನ ರೇಟು, ಅಷ್ಟೇ ಅಲ್ಲಿ ನಡೆಯುವುದು. 2024ರ ಮಾರ್ಚ್ 20, ಬುಧವಾರ ಮಾತ್ರ ಹಾಗಿರಲಿಲ್ಲ. ಲೋಕಸಭಾ ಚುನಾವಣೆಯ ದಿನಾಂಕ ಪ್ರಕಟವಾಗಿ ನಾಲ್ಕು ದಿನವಾಗಿತ್ತು. ಪಕ್ಷದ ಹೆಸರು, ಮುಖಂಡರ ಹೆಸರು ತೆಗೆದು ಹಾಕಿದ್ದೇನೆ. ಅವಿಲ್ಲದೆಯೂ ಜಗಳ ಪೂರ್ತಿ ಅರ್ಥವಾಗುತ್ತದೆ.

ದೊಡ್ಡಪ್ಪ (ಬೆಳಿಗ್ಗೆ 7:10): *ಹಲವು ಬಾರಿ ಫಾರ್ವರ್ಡ್ ಆಗಿದೆ* ಮತದಾರರೇ ಗಮನಿಸಿ!! ನಿಮ್ಮ ಸ್ವಂತ ಕಾಂಪೌಂಡಿನ ಮೇಲೆ ಯಾವ ಪಕ್ಷದ ಬ್ಯಾನರ್ ಬೇಕಾದರೂ ಕಟ್ಟಬಹುದು. ಮಾಲೀಕರ ಒಪ್ಪಿಗೆ ಇದ್ದರೆ ಸಾಕು. ಯಾವ ಅಧಿಕಾರಿಯೂ ಮುಟ್ಟುವಂತಿಲ್ಲ. ಎಲ್ಲರಿಗೂ ಕಳಿಸಿ.

ರಶ್ಮಿ: ದೊಡ್ಡಪ್ಪ, ಇದನ್ನು ಬರೆದವರು ಯಾರು? ಕೆಳಗೆ ಹೆಸರೇ ಇಲ್ವಲ್ಲ.

ದೊಡ್ಡಪ್ಪ: ಯಾರು ಬರೆದರೇನಮ್ಮ, ವಿಷಯ ಸರಿಯಾಗಿದೆ. ನಿನ್ನೆ ಸಂಜೆ ಇಬ್ಬರು ಬಂದು ನಮ್ಮ ಫ್ಲೆಕ್ಸ್ ಬಿಚ್ಚಿ ಅಂದರು. ಇದನ್ನೇ ಓದಿ ಹೇಳಿದೆ. ನಾಳೆ ಬರುತ್ತೇವೆ ಅಂತ ಹೊರಟು ಹೋದರು.

ಮಂಜಣ್ಣ: ಅಪ್ಪ ಸೂಪರ್.

ಮಾವ (ಶಿರಸ್ತೇದಾರ್): ಭಾವ, ಒಪ್ಪಿಗೆ ಬೇಕು ಅನ್ನುವುದು ಸರಿ. ಒಪ್ಪಿಗೆ ಇದ್ದರೆ ಸಾಕು ಅನ್ನುವುದು ತಪ್ಪು. ಕೇಳಲು ಎರಡೂ ಒಂದೇ ಥರ ಇವೆ, ಅದೇ ತೊಂದರೆ.

ದೊಡ್ಡಪ್ಪ: ಬಂದರಪ್ಪ ಶಿರಸ್ತೇದಾರರು. ರಿಟೈರ್ ಆದರೂ ಎಲೆಕ್ಷನ್ ಡ್ಯೂಟಿ ಮುಗಿದಿಲ್ಲ ನಿಮಗೆ. ನನ್ನ ಗೋಡೆ ನನ್ನದಲ್ವಾ?

ಮಾವ: ಗೋಡೆ ನಿಮ್ಮದೇ. ಆದರೆ 1981ರಲ್ಲೇ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆ ಆಗಿದೆ, ತೆರೆದ ಜಾಗಗಳ ಅಂದ ಕೆಡಿಸಬಾರದು ಅಂತ. 'ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ' ಅಂದರೆ ಏನು ಅಂತ ಅದರಲ್ಲೇ ಬರೆದಿದೆ. ಖಾಸಗಿ ಕಟ್ಟಡ, ಗೋಡೆ, ಬೇಲಿ, ಮರ, ಕಂಬ, ರಸ್ತೆಯಲ್ಲಿ ಹೋಗುವವನಿಗೆ ಕಾಣಿಸಿದರೆ ಎಲ್ಲವೂ ಬಂತು. ಅಲ್ಲಿ ಜಾಹೀರಾತು ಹಾಕಲು ಸ್ಥಳೀಯ ಸಂಸ್ಥೆಯ ಅನುಮತಿ ಬರಹದಲ್ಲಿ ಇರಬೇಕು. ನಮ್ಮೂರಲ್ಲಿ ಅಂದರೆ ಪಾಲಿಕೆ. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ. ಎರಡೂ ಹಾಕಬಹುದು.

ದೊಡ್ಡಪ್ಪ: ಸಾವಿರ ರೂಪಾಯಿ ತಾನೇ. ಕಟ್ಟಿಸಿದವರು ಕೊಡುತ್ತಾರೆ ಬಿಡಿ.

ಮಾವ: ದಂಡ ಕೊಡುತ್ತಾರೆ. ಜೈಲಿಗೂ ಅವರೇ ಹೋಗುತ್ತಾರಾ ಕೇಳಿ ನೋಡಿ.

ಮಂಜಣ್ಣ: ಮಾವ, ಇದು ಎಲೆಕ್ಷನ್ ಬ್ಯಾನರ್ ಅಲ್ಲವೇ ಅಲ್ಲ. ಯುಗಾದಿ ಶುಭಾಶಯ ಅಷ್ಟೇ. ಓಟು ಕೊಡಿ ಅಂತ ಎಲ್ಲಿದೆ? ಫೋಟೊ ಹಾಕಿದ್ದೇನೆ ನೋಡಿ.

(ಫೋಟೊದಲ್ಲಿ ಬೇವು ಬೆಲ್ಲದ ಬಟ್ಟಲು ಒಂದು ಮೂಲೆಯಲ್ಲಿ, ಅಂಗೈ ಅಗಲ. ಉಳಿದದ್ದೆಲ್ಲ ಕೈಮುಗಿದ ಮುಖಂಡರು. ಕೆಳಗೆ ಸಾಲಾಗಿ ಹನ್ನೊಂದು ಹುಡುಗರ ಮುಖ. ಎಡದಿಂದ ಮೂರನೆಯವನು ಮಂಜಣ್ಣ.)

ರಶ್ಮಿ: ಯುಗಾದಿ ಏಪ್ರಿಲ್ 9ಕ್ಕೆ ಮಂಜಣ್ಣ. ಇನ್ನೂ ಇಪ್ಪತ್ತು ದಿನ ಇದೆ. ಇಷ್ಟು ಮುಂಚೆ ಶುಭಾಶಯ ನಮ್ಮ ಅಜ್ಜಿಯೂ ಹೇಳಿರಲಿಲ್ಲ.

ಮಂಜಣ್ಣ: ಶುಕ್ರವಾರ ರಾತ್ರಿ ಕಟ್ಟಿದ್ದು. ದಿನಾಂಕ ಪ್ರಕಟವಾಗಿದ್ದು ಶನಿವಾರ. ಮುಂಚೆ ಕಟ್ಟಿದ್ದಕ್ಕೆ ನೀತಿ ಸಂಹಿತೆ ಇಲ್ಲ.

ಮಾವ: ಇದೆ. ಮುಂಚೆ ಕಟ್ಟಿದ್ದನ್ನು ತೆಗೆಸುವುದಕ್ಕೇ ಗಡುವು ಇರುವುದು. ಸರ್ಕಾರಿ ಕಟ್ಟಡದಲ್ಲಿ 24 ಗಂಟೆ. ಬಸ್ ಸ್ಟ್ಯಾಂಡು, ಕಂಬ, ಸೇತುವೆ ಇಂಥ ಕಡೆ 48 ಗಂಟೆ. ಖಾಸಗಿ ಜಾಗದಲ್ಲಿ ಅನುಮತಿ ಇಲ್ಲದ್ದಕ್ಕೆ 72 ಗಂಟೆ. 16ನೇ ತಾರೀಖು ಮಧ್ಯಾಹ್ನ ಆಯೋಗ ಪ್ರಕಟಿಸಿತು. ಲೆಕ್ಕ ಹಾಕು. ನಿನ್ನೆ ಮಧ್ಯಾಹ್ನಕ್ಕೆ ಮುಗಿಯಿತು. ಅದಕ್ಕೇ ನಿನ್ನೆ ಸಂಜೆ ಬಂದಿದ್ದಾರೆ. ಪಾಪ, ಅವರು ಮರ್ಯಾದೆಯಾಗಿ ಹೇಳಿ ಹೋಗಿದ್ದಾರೆ.

ಮಂಜಣ್ಣ: ಖರ್ಚು ಅಭ್ಯರ್ಥಿ ಲೆಕ್ಕಕ್ಕೂ ಬರುವುದಿಲ್ಲ. ಇನ್ನೂ ನಾಮಪತ್ರವೇ ಹಾಕಿಲ್ಲ.

ಮಾವ: ಅದು ಮಾತ್ರ ಸರಿಯಾಗಿ ಹೇಳಿದೆ. ಅಭ್ಯರ್ಥಿಯ ಖರ್ಚಿಗಿರುವ 95 ಲಕ್ಷದ ಮಿತಿಗೆ ನಾಮಪತ್ರ ಹಾಕಿದ ದಿನದಿಂದ ಲೆಕ್ಕ. ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದಾರೆ ನಿನಗೆ.

ಮಂಜಣ್ಣ: *ಈ ಸಂದೇಶವನ್ನು ಅಳಿಸಲಾಗಿದೆ*

ರಶ್ಮಿ: ನಾನು ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ನಲ್ಲಿ ಹಾಕುತ್ತೇನೆ. 100 ನಿಮಿಷದಲ್ಲಿ ಕ್ರಮ ತೆಗೆದುಕೊಳ್ಳಬೇಕು ಅಂತ ಇದೆ.

ದೊಡ್ಡಪ್ಪ: ಸ್ವಂತ ದೊಡ್ಡಪ್ಪನ ಮೇಲೇ ದೂರು ಕೊಡುತ್ತೀಯೇನಮ್ಮ? ನಿನ್ನನ್ನು ಎತ್ತಿ ಆಡಿಸಿದ ಕೈ ಇದು.

ಅಪ್ಪ: ರಶ್ಮಿ, ಸುಮ್ನಿರು.

ಮಾವ: ಅವಳು ಕೊಡಲಾರಳು ಬಿಡಿ. ಅದರಲ್ಲಿ ಗ್ಯಾಲರಿಯ ಫೋಟೊ ಹೋಗುವುದಿಲ್ಲ. ಜಾಗದಲ್ಲೇ ನಿಂತು ಆ್ಯಪ್‌ನಲ್ಲೇ ತೆಗೆಯಬೇಕು. ಅವಳು ಬೆಂಗಳೂರಲ್ಲಿದ್ದಾಳೆ. ನಾನು ಇಲ್ಲೇ ತುಮಕೂರಿನ ಎಸ್.ಎಸ್. ಪುರಂನಲ್ಲಿದ್ದೇನೆ. ಸ್ಕೂಟರ್‌ಗೆ ಪೆಟ್ರೋಲ್ ಕೂಡ ಇದೆ.

ಸರೋಜತ್ತೆ: ರೀ, ತಿಂಡಿ ಆರುತ್ತಿದೆ. ಒಳಗೆ ಬನ್ನಿ.

ಮಂಜಣ್ಣ: ರಶ್ಮಿ, ಒಂದು ಮಾತು. ಹೋದ ವರ್ಷ ನಿನ್ನ ನಿಶ್ಚಿತಾರ್ಥಕ್ಕೆ ಸರ್ಕಲ್ಲಿನಲ್ಲಿ ಹನ್ನೆರಡಡಿ ಫ್ಲೆಕ್ಸ್ ಕಟ್ಟಿದ್ದು ಯಾರು? ನಾನು. ಯಾರ ಅನುಮತಿ ಇತ್ತು? ಯಾರದ್ದೂ ಇಲ್ಲ. ನೀನು ಸ್ಟೇಟಸ್ ಹಾಕಿಕೊಂಡೆ. ಆಗ ಎಲ್ಲಿತ್ತು ಕಾನೂನು?

(ಇದಕ್ಕೆ ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆ ಫ್ಲೆಕ್ಸ್ ಕೆಳಗೆ ನಿಂತು ನಾನೂ ಫೋಟೊ ತೆಗೆಸಿಕೊಂಡಿದ್ದೆ.)

ಮಾವ: ಮಂಜು ಹೇಳಿದ್ದು ನಿಜ. 1981ರ ಕಾಯ್ದೆಗೆ ಎಲೆಕ್ಷನ್ನೂ ಒಂದೇ, ನಿಶ್ಚಿತಾರ್ಥವೂ ಒಂದೇ. ಸಾಲದ್ದಕ್ಕೆ ಫ್ಲೆಕ್ಸ್ ಅನ್ನುವ ಮಾಲನ್ನೇ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧ ಮಾಡಿದೆ. ಪ್ಲಾಸ್ಟಿಕ್ ಕ್ಯಾರಿ ಬ್ಯಾಗು, ಬಂಟಿಂಗ್ಸ್, ಬಾವುಟ, ಥರ್ಮಾಕೋಲ್ ಜೊತೆಗೆ ಅದೂ ಆ ಆದೇಶದಲ್ಲಿದೆ. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಹೋಳಿಗೆ ಚೆನ್ನಾಗಿತ್ತು.

ರಶ್ಮಿ: ಸರಿ. ನನ್ನದೂ ತಪ್ಪು. ಆದರೆ ನನ್ನ ಫ್ಲೆಕ್ಸ್ ಮೂರು ದಿನಕ್ಕೆ ಇಳಿಯಿತು.

ಮಂಜಣ್ಣ: ಇಳಿಸಿದವನೂ ನಾನೇ.

ದೊಡ್ಡಪ್ಪ: ಅದೆಲ್ಲ ಬಿಡಿ. ಎದುರು ಮನೆಯಲ್ಲಿ ಇನ್ನೊಂದು ಪಕ್ಷದ್ದು ಇನ್ನೂ ಇದೆ. ಮೊದಲು ಅದು ಇಳಿಯಲಿ. ಇಷ್ಟಕ್ಕೂ ಮಾಲೀಕ ನಾನು, ನಾನು ಒಪ್ಪಿದ್ದೇನೆ.

ದೊಡ್ಡಮ್ಮ: ಮಾಲೀಕರು ಯಾರು?

(ನಮ್ಮ ದೊಡ್ಡಮ್ಮ ಗುಂಪಿನಲ್ಲಿ ಬರೆಯುವುದೇ ಅಪರೂಪ. ವರ್ಷಕ್ಕೊಮ್ಮೆ ಸಂಕ್ರಾಂತಿ ಎಳ್ಳಿನ ಫೋಟೊ, ಅಷ್ಟೇ.)

ದೊಡ್ಡಮ್ಮ: ಮನೆ ಖಾತೆ ಯಾರ ಹೆಸರಲ್ಲಿದೆ ಅಂತ ಎಲ್ಲರಿಗೂ ಹೇಳಿ. ನನ್ನಪ್ಪ ಕೊಟ್ಟ ಸೈಟು. ಕಂದಾಯದ ರಸೀದಿ ಪ್ರತಿ ವರ್ಷ ನನ್ನ ಹೆಸರಲ್ಲೇ ಬರುತ್ತದೆ. ನನ್ನನ್ನು ಯಾರು ಕೇಳಿದರು? ಶುಕ್ರವಾರ ರಾತ್ರಿ ಮಲಗಿದ್ದೆ, ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಬೆಳಕಿಲ್ಲ. ಐದು ದಿನದಿಂದ ಅಡುಗೆಮನೆಯಲ್ಲಿ ಹಗಲೇ ಲೈಟು ಹಾಕಿಕೊಂಡು ಒಗ್ಗರಣೆ ಹಾಕುತ್ತಿದ್ದೇನೆ.

ಮಾವ: ಅಕ್ಕ, ಹಾಗಾದರೆ ಆ ಫಾರ್ವರ್ಡ್ ಮೆಸೇಜಿನ ಪ್ರಕಾರವೂ ಇದು ಅಕ್ರಮವೇ ಆಯಿತು.

ಮಂಜಣ್ಣ: ಅಮ್ಮಾ, ಮನೆ ವಿಷಯ ಗುಂಪಿನಲ್ಲಿ ಬೇಡ.

ದೊಡ್ಡಮ್ಮ: ಗುಂಪಿಗೆ ತಂದವರು ನಿಮ್ಮಪ್ಪ.

ದೊಡ್ಡಪ್ಪ ಆಮೇಲೆ ಆನ್‌ಲೈನ್ ಇದ್ದರು, ಬರೆಯಲಿಲ್ಲ. 'ಟೈಪಿಂಗ್' ಅಂತ ಎರಡು ಸಲ ಬಂದು ಹೋಯಿತು. ಮಧ್ಯಾಹ್ನ ಮತ್ತೆ ಶುರುವಾಯಿತು.

ದೊಡ್ಡಮ್ಮ (12:40): ಪಕ್ಕದ ಮನೆ ಹುಡುಗನನ್ನು ಕರೆದು ಬಿಚ್ಚಿಸಿದೆ. ಮಹಡಿ ಮೇಲೆ ಹಾಸಿ ಹುಣಸೆಹಣ್ಣು ಹರವಿದ್ದೇನೆ. ಒಳ್ಳೆ ಬಿಸಿಲಿದೆ.

ಸರೋಜತ್ತೆ: ಅತ್ತಿಗೆ, ಬೀಜ ಬಿಡಿಸಿದ್ದಾ? ನಮಗೂ ಎರಡು ಕೆಜಿ ಇಟ್ಟಿರಿ.

ಮಾವ: ಅಕ್ಕ, ಫೋಟೊ ಮೇಲೆ ಮಾಡಿ ಹಾಸಿದ್ದೀರೋ, ಕೆಳಗೋ?

ದೊಡ್ಡಮ್ಮ: ಕೆಳಗೆ. ಹುಳಿ ತಾಗಿದರೆ ಬಣ್ಣ ಬಿಡುತ್ತದೆ.

ಮಂಜಣ್ಣ: ಅಮ್ಮಾ, ಫ್ರೇಮಿನ ಕಟ್ಟಿಗೆ ಬಾಡಿಗೆಯದು. ಅದನ್ನಾದರೂ ವಾಪಸ್ ಕೊಡು.