ಸೆಕೆಂಡಿಗೆ ಸ್ಕ್ವೇರ್ ಯಾಕೆ? ಫೋರ್ಸ್ ಲೆಕ್ಕದ ಉತ್ತರ ತಾಳೆ ಆಗ್ತಿಲ್ಲ

ಫಸ್ಟ್‌ಪಿಯು_ಸೈನ್ಸ್:
ಎಲ್ರಿಗೂ ನಮಸ್ಕಾರ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂ, ಆಗ ವೇಗೋತ್ಕರ್ಷ, ಬಲ ಅಂತ ಓದಿದ್ದೇ ಈಗ ಆಕ್ಸಲರೇಶನ್, ಫೋರ್ಸ್ ಅಂತ ಬರ್ತಿದೆ, ಅದೇನೋ ಪರವಾಗಿಲ್ಲ ಆದ್ರೆ ಯೂನಿಟ್ ಹತ್ರ ಸಿಕ್ಕಾಕೊಂಡಿದೀನಿ. ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂದ್ರೆ ಏನು? ಸೈಟು ಅಳೆಯೋಕೆ ಸ್ಕ್ವೇರ್ ಫೀಟ್ ಇರುತ್ತೆ ಸರಿ, ಟೈಮಿಗೆಲ್ಲಿಂದ ಬಂತು ಸ್ಕ್ವೇರ್? ಇನ್ನೊಂದು ಲೆಕ್ಕ: 1200 ಕೆಜಿ ಕಾರು, ಗಂಟೆಗೆ 54 ಕಿಮೀ ಸ್ಪೀಡು, ಬ್ರೇಕ್ ಹಾಕಿದ್ರೆ 5 ಸೆಕೆಂಡಲ್ಲಿ ನಿಲ್ಲುತ್ತೆ, ಫೋರ್ಸ್ ಎಷ್ಟು? 54ನ್ನ 5ರಿಂದ ಭಾಗಿಸಿ 1200ರಿಂದ ಗುಣಿಸಿದ್ರೆ 12960 ಬರುತ್ತೆ, ಬುಕ್ಕಲ್ಲಿ ಮೈನಸ್ 3600 ನ್ಯೂಟನ್ (ಫೋರ್ಸಿನ ಯೂನಿಟ್) ಅಂತಿದೆ. ಫೋರ್ಸ್ ಅಂದ್ರೆ ಮಾಸ್ ಇಂಟು ಆಕ್ಸಲರೇಶನ್, ಫಾರ್ಮುಲಾ ಸರಿಯಾಗೇ ಇದೆಯಲ್ವಾ?

ಲೆಕ್ಕದ_ಮೇಷ್ಟ್ರು:
ಫಾರ್ಮುಲಾ ಸರಿ ಇದೆ, ಹಾಕಿರೋ ನಂಬರಿಗೆ ಯೂನಿಟ್ ಬೇರೆ ಅಷ್ಟೇ. ನ್ಯೂಟನ್ ಬರಬೇಕು ಅಂದ್ರೆ ಕೆಜಿ, ಮೀಟರ್, ಸೆಕೆಂಡ್ ಈ ಮೂರರಲ್ಲೇ ಹಾಕ್ಬೇಕು. 54ಕ್ಕೆ 5/18 ಗುಣಿಸಿ (ಕಿಮೀಗೆ 1000 ಮೀಟರ್, ಗಂಟೆಗೆ 3600 ಸೆಕೆಂಡ್, 1000/3600 ಅಂದ್ರೆ 5/18), ಸೆಕೆಂಡಿಗೆ 15 ಮೀಟರ್ ಆಯ್ತು. 5 ಸೆಕೆಂಡಲ್ಲಿ 15 ಇದ್ದಿದ್ದು 0 ಆಯ್ತು ಅಂದ್ರೆ ಪ್ರತಿ ಸೆಕೆಂಡಿಗೂ 3 ಕಮ್ಮಿ ಆಗ್ತಾ ಹೋಯ್ತು: 15, 12, 9, 6, 3, 0. ಇದನ್ನ ಬಾಯಿಬಿಟ್ಟು ಓದಿ ನೋಡಿ, "ವೇಗ ಸೆಕೆಂಡಿಗೆ 3 ಮೀಟರ್‌ನಂತೆ, ಪ್ರತಿ ಸೆಕೆಂಡಿಗೆ ಕಮ್ಮಿ ಆಗ್ತಿದೆ". ಸೆಕೆಂಡ್ ಎರಡು ಸಲ ಬಂತಲ್ಲ, ಅದನ್ನೇ ಬರೆಯೋವಾಗ ಸ್ಕ್ವೇರ್ ಅಂತ ಸೇರಿಸಿಬಿಡ್ತಾರೆ, ಟೈಮನ್ನ ಯಾರೂ ಚೌಕ ಮಾಡಿಲ್ಲ. 1200 ಇಂಟು 3, 3600. ಮೈನಸ್ ಯಾಕಂದ್ರೆ ಕಾರು ಮುಂದಕ್ಕೆ ಹೋಗ್ತಿದೆ, ಬ್ರೇಕಿನ ಫೋರ್ಸ್ ಹಿಂದಕ್ಕಿದೆ.

ಧಾರವಾಡ_ಪೇಢಾ:
ತಮ್ಮಾ, ಮೇಷ್ಟ್ರು ಹೇಳಿದ್ದು ಖರೇ ಅದ. ನಾ ಹೇಳೋದು ಒಂದ, ಪ್ರತಿ ಸ್ಟೆಪ್ಪಿನ್ಯಾಗೂ ನಂಬರಿನ ಬಾಜೂಕ ಯೂನಿಟ್ ಬರಕೋತ ಹೋಗು, ಕಡೀಕ ಒಂದ ಸಲ ಹಚ್ಚೋದಲ್ಲ. ನಿನ್ನ 12960ರ ಮುಂದ ಯೂನಿಟ್ ಹಚ್ಚಿದ್ದಿದ್ರ ಅಲ್ಲೇ ಗಂಟೆ ಅಂತ ಒಂದು ಉಳಕೊಂಡದ್ದು ಕಾಣ್ತಿತ್ತು. ಇನ್ನ ಕೆಜಿ ಮತ್ತ ನ್ಯೂಟನ್ ಕಲಸಬ್ಯಾಡ. 60 ಕೆಜಿ ಮನಷ್ಯಾನ್ನ ಭೂಮಿ ಎಳಿಯೂ ಫೋರ್ಸ್ 60 ಇಂಟು 9.8 (ಭೂಮಿ ಎಳೆತದ ಆಕ್ಸಲರೇಶನ್), 588 ನ್ಯೂಟನ್. ಚಂದ್ರನ ಮ್ಯಾಲ ಹೋದ್ರ 100 ನ್ಯೂಟನ್ ಒಳಗ, ಮನಷ್ಯಾ ಮಾತ್ರ ಅದ 60 ಕೆಜಿ. ತೂಕದ ಮಷೀನು ಅಳಿಯೂದು ಫೋರ್ಸ್, ಡಬ್ಬಿ ಮ್ಯಾಲ ಬರದಿರೂದು ಕೆಜಿ, ಗೊಂದಲ ಎಲ್ಲಾ ಅದ ಮಾಡಿಟ್ಟದ.

ರಾಕೆಟ್_ಹುಚ್ಚ:
ಯೂನಿಟ್ ಬರೀರಿ ಅಂದ್ರೆ ಮಾರ್ಕ್ಸಿಗೆ ಅಂದ್ಕೋಬೇಡಿ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ 1999ರ ಸೆಪ್ಟೆಂಬರಲ್ಲಿ ಮಂಗಳದ ಹತ್ರ ಹೋಗಿ ಕಳೆದುಹೋಯ್ತು. ನೌಕೆನ ತಳ್ಳೋ ಸಣ್ಣ ಥ್ರಸ್ಟರ್‌ಗಳ (ಪುಟ್ಟ ಇಂಜಿನ್‌ಗಳ) ಲೆಕ್ಕನ ಒಂದು ಸಾಫ್ಟ್‌ವೇರು ಪೌಂಡ್-ಫೋರ್ಸ್ ಸೆಕೆಂಡಲ್ಲಿ ಕೊಡ್ತಿತ್ತು, ದಾರಿ ಲೆಕ್ಕ ಹಾಕೋರು ಅದನ್ನ ನ್ಯೂಟನ್ ಸೆಕೆಂಡ್ ಅಂತ ತಗೊಂಡ್ರು. ಒಂದು ಪೌಂಡ್-ಫೋರ್ಸ್ ಅಂದ್ರೆ ಸುಮಾರು 4.45 ನ್ಯೂಟನ್. ನೌಕೆ ಅಂದುಕೊಂಡಿದ್ದಕ್ಕಿಂತ ತುಂಬಾ ಕೆಳಗೆ, 57 ಕಿಮೀ ಎತ್ತರಕ್ಕೆ ಹೋಗೋ ದಾರಿ ಹಿಡಿದಿತ್ತು. ನಂಬರ್ ಯಾವುದೂ ತಪ್ಪಿರಲಿಲ್ಲ, ಪಕ್ಕದ ಯೂನಿಟ್ ಮಾತ್ರ.

ಫಸ್ಟ್‌ಪಿಯು_ಸೈನ್ಸ್:
ಥ್ಯಾಂಕ್ಯೂ ಸರ್, ಅಣ್ಣ. 15, 12, 9 ನೋಡಿದ್ಮೇಲೆ ಅರ್ಥ ಆಯ್ತು. ಇದೇ ಕಾರು ನಿಲ್ಲೋಕೆ ಎಷ್ಟು ದೂರ ಹೋಗುತ್ತೆ ಅಂತ ಬಿ ಪ್ರಶ್ನೆ ಇದೆ, ವಿ ಸ್ಕ್ವೇರ್ ಈಕ್ವಲ್ ಟು ಯು ಸ್ಕ್ವೇರ್ ಪ್ಲಸ್ 2ಎಎಸ್ (ವಿ ಕೊನೆ ಸ್ಪೀಡು, ಯು ಮೊದಲ ಸ್ಪೀಡು, ಎ ಆಕ್ಸಲರೇಶನ್, ಎಸ್ ದೂರ) ಹಾಕ್ಲಾ?

ಲೆಕ್ಕದ_ಮೇಷ್ಟ್ರು:
ಹಾಕಿ, ಎ ಜಾಗದಲ್ಲಿ ಮೈನಸ್ 3 ಹಾಕೋದು ಮರೀಬೇಡಿ. 15 ಸ್ಕ್ವೇರ್ ಅಂದ್ರೆ 225, ಅದನ್ನ 2 ಇಂಟು 3 ಅಂದ್ರೆ 6ರಿಂದ ಭಾಗಿಸಿದ್ರೆ 37.5 ಮೀಟರ್. ಫಾರ್ಮುಲಾ ನೆನಪಾಗ್ಲಿಲ್ಲ ಅಂದ್ರೂ ಪರವಾಗಿಲ್ಲ, ಸ್ಪೀಡು 15ರಿಂದ 0ಗೆ ಒಂದೇ ಸಮ ಇಳಿದಿದೆ, ಸರಾಸರಿ 7.5, ಅದು ಇಂಟು 5 ಸೆಕೆಂಡ್, ಅದೇ 37.5.