ಕೆಂಪು ಬಕೆಟ್‌ನಲ್ಲಿ ಈರುಳ್ಳಿ

ನಿನ್ನೆ ರಾತ್ರಿ ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ನೂರಾರು ಮೆಸೇಜಿನಲ್ಲಿ ಆರಿಸಿ ಹಾಕಿದ್ದೇನೆ.

ದೊಡ್ಡಪ್ಪ, ಜಯನಗರ: "ಬೆಂಗಳೂರಿನ ಅಡುಗೆಮನೆ ಕಸ ರೈತರಿಗೆ ಚಿನ್ನ! ಇನ್ನು ಒಂದು ಹಿಡಿ ಯೂರಿಯಾವೂ ಬೇಡ!!" ಎಲ್ಲರೂ ಓದಿ. ಮುಖ್ಯವಾಗಿ ವೈಟ್‌ಫೀಲ್ಡ್‌ನವರು.

(ವೈಟ್‌ಫೀಲ್ಡ್‌ನವರು ಅಂದರೆ ನಾವು.)

ಅತ್ತೆ: ನಾನು ಯಾವತ್ತಿಂದ ಹೇಳುತ್ತಿದ್ದೇನೆ!

ರವಿ: ಎಲ್ಲಿಂದ ಬಂತು ಇದು? ಯೂರಿಯಾದಲ್ಲಿ ಸಾರಜನಕ ಶೇ. 46. ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ಸರ್ಕಾರ ಕೇಳುವುದು ಕನಿಷ್ಠ ಶೇ. 0.8. ಆ ಲೆಕ್ಕದಲ್ಲಿ 45 ಕೆ.ಜಿ. ಯೂರಿಯಾ ಮೂಟೆಗೆ ಎರಡೂವರೆ ಟನ್ ಗೊಬ್ಬರ ಬೇಕು.

ದೊಡ್ಡಪ್ಪ: ನಿನ್ನ ಲೆಕ್ಕ ಗೊತ್ತು ಬಿಡಪ್ಪ. ಸೈಟ್ ತಗೊಳ್ಳುವಾಗ ನೋಡಿದ್ದೇವೆ.

ರವಿ: ಅದು 2011. ಇನ್ನೂ ಬಿಟ್ಟಿಲ್ಲವಾ?

ಗಿರಿ ಭಾವ: ಅಜ್ಜಿ ಮನೆ ತಿಪ್ಪೆ ನೆನಪಿದೆಯಾ? ಅದರ ಮೇಲೆ ಕುಂಬಳ ಬಳ್ಳಿ ತಾನಾಗಿ ಹಬ್ಬುತ್ತಿತ್ತು.

ಅತ್ತೆ: ನೀನು ಅದರೊಳಗೆ ಬಿದ್ದಿದ್ದೂ ನೆನಪಿದೆ.

(ಇಲ್ಲಿ ಇಪ್ಪತ್ತು ಮೆಸೇಜು ಬರೀ ತಿಪ್ಪೆ.)

ಚಿಕ್ಕಪ್ಪ, ದೊಡ್ಡಬಳ್ಳಾಪುರ: ಕಸದ ಗೊಬ್ಬರವನ್ನು ಯೂರಿಯಾ ಬದಲು ಅಂತ ಯಾರೂ ಹಾಕುವುದಿಲ್ಲ. ಮಣ್ಣು ಸಡಿಲ ಆಗಲಿ, ನೀರು ಹಿಡಿಯಲಿ ಅಂತ ಹಾಕುವುದು. ಹೋದ ವರ್ಷ ಒಂದು ಲೋಡ್ ತರಿಸಿದೆ. ರಾಗಿ ಹೊಲದಲ್ಲಿ ಈಗಲೂ ಗಾಜಿನ ಚೂರು, ಶಾಂಪೂ ಪ್ಯಾಕೆಟ್ ಸಿಗುತ್ತಿವೆ. ಕಳೆ ಕೀಳುವ ಹೆಂಗಸರ ಕೈ ಕುಯ್ದಿದೆ. ನೀವು ಸರಿಯಾಗಿ ಬೇರೆ ಮಾಡಿಡಿ, ನಾನೇ ಟ್ರ್ಯಾಕ್ಟರ್ ಕಳಿಸುತ್ತೇನೆ.

(ಇದಕ್ಕೆ ಒಬ್ಬರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ.)

ದೊಡ್ಡಪ್ಪ: ನಮ್ಮ ಕಾಲದಲ್ಲಿ ಕಸ ಅನ್ನುವುದೇ ಇರಲಿಲ್ಲ. ಈಗಿನವರಿಗೆ ಶಿಸ್ತಿಲ್ಲ.

ರವಿ: ಶಿಸ್ತಾ? ಹಸಿಗೆ ಹಸಿರು ಬಕೆಟ್, ಡಯಾಪರ್, ಪ್ಯಾಡ್ ಥರದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಚೀಲ ಅಂತ ಹೈಕೋರ್ಟ್ ಹೇಳಿದ್ದು 2015ರಲ್ಲಿ. ನಿಮ್ಮ ಮನೆ ಕೆಂಪು ಬಕೆಟ್‌ನಲ್ಲಿ ಈರುಳ್ಳಿ ಇದೆ ದೊಡ್ಡಪ್ಪ.

ದೊಡ್ಡಪ್ಪ: ಅದು ನಿಮ್ಮ ದೊಡ್ಡಮ್ಮನ ಕೆಲಸ.

ಅತ್ತೆ: ಸುಮ್ನೆ ಜಗಳ ಬೇಡ. ನಮ್ಮ ಹಸಿರು ಬಕೆಟ್ ನೋಡಿ ಕಲಿಯಿರಿ. (ಫೋಟೋ)

ಚಿಕ್ಕಪ್ಪ: ಬಾಳೆಹಣ್ಣಿನ ಸಿಪ್ಪೆ ಕೆಳಗೆ ನೀಲಿಯಾಗಿ ಕಾಣುತ್ತಿರುವುದು ಹಾಲಿನ ಕವರ್ ಅಲ್ವಾ?

ಅತ್ತೆ ಫೋಟೋ ಅಳಿಸಿದರು. ಆಮೇಲೆ ಹತ್ತು ನಿಮಿಷ ಗುಂಪು ಗಪ್‌ಚುಪ್. ಕೊನೆಗೆ, ಎಂದೂ ಬಾಯಿ ಬಿಡದ ದೊಡ್ಡಮ್ಮ ಬಂದರು.

ದೊಡ್ಡಮ್ಮ: ಈರುಳ್ಳಿ ವಿಷಯ ರವಿಗೆ ಹೇಳಿದವರು ಯಾರು?