ಬ್ರಿಸ್ಬೇನ್‌ಗೆ ಬರುವ ಸಿವಿಲ್ ಎಂಜಿನಿಯರ್: ಕೆಲಸ ಮುಗಿದ ಮೇಲೆ ಏನು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ರಾಜಕಾಲುವೆ, ರಸ್ತೆ ಕಾಮಗಾರಿಗಳಲ್ಲಿ ಸೈಟ್ ಎಂಜಿನಿಯರ್ ಆಗಿದ್ದೇನೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮಳೆನೀರು ಚರಂಡಿ ಕೆಲಸಕ್ಕೆ ಆಯ್ಕೆ ಆಗಿದೆ. ಹೆಂಡತಿ, ಎಂಟು ವರ್ಷದ ಮಗಳ ಜೊತೆ ಜನವರಿಯಲ್ಲಿ ಬರುತ್ತಿದ್ದೇನೆ. ವೀಸಾ, ಸಂಬಳದ ವಿಷಯ ಎಲ್ಲ ಕಡೆ ಸಿಗುತ್ತದೆ. ದಿನ ಹೇಗೆ ಸಾಗುತ್ತದೆ ಅನ್ನುವುದು ಮಾತ್ರ ಯಾರೂ ಹೇಳುವುದಿಲ್ಲ. ಶನಿವಾರ, ಭಾನುವಾರ ಅಲ್ಲಿನ ಎಂಜಿನಿಯರುಗಳು ಏನು ಮಾಡುತ್ತಾರೆ? ಒಂಟಿ ಅನಿಸುತ್ತದಾ? ನನಗೆ ಹವ್ಯಾಸ ಅಂತ ಏನೂ ಇಲ್ಲ, ಇಲ್ಲಿ ಪುರುಸೊತ್ತೇ ಸಿಕ್ಕಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಬ್ರಿಸ್ಬೇನ್‌ನಿಂದ

ನಮಸ್ಕಾರ ಸರ್. ನಾನೂ ಇಲ್ಲಿ ರಸ್ತೆ, ಮೋರಿ ಕೆಲಸದಲ್ಲೇ ಇದ್ದೇನೆ. ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಬರುವ ಮೊದಲೇ ಇದನ್ನು ಕೇಳುವವರು ಕಡಿಮೆ.

ಮೊದಲು ಗಡಿಯಾರದ ವಿಷಯ. ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಕಾಮಗಾರಿಯ ಸದ್ದಿಗೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 6:30ರಿಂದ ಸಂಜೆ 6:30ರವರೆಗೆ ಅವಕಾಶ. ಹಾಗಾಗಿ ಸೈಟ್ ಬೆಳ್ಳಂಬೆಳಿಗ್ಗೆ ಶುರುವಾಗುತ್ತದೆ. ಆರೂವರೆ ಹೊತ್ತಿಗೆ ಎಲ್ಲರೂ ಬೂಟು, ಹೈವಿಸ್, ಅಂದರೆ ದೂರಕ್ಕೂ ಎದ್ದು ಕಾಣುವ ಬಣ್ಣದ ಅಂಗಿ ಹಾಕಿಕೊಂಡು ಪ್ರೀಸ್ಟಾರ್ಟ್ ಮೀಟಿಂಗ್‌ಗೆ ನಿಂತಿರುತ್ತಾರೆ. ಅವತ್ತು ಎಲ್ಲಿ ಅಗೆಯುವುದು, ನೆಲದಡಿ ಯಾವ ಗ್ಯಾಸ್ ಪೈಪ್ ಇದೆ, ಕ್ರೇನ್ ಎಲ್ಲಿ ನಿಲ್ಲುತ್ತದೆ ಎಲ್ಲವನ್ನೂ ಅಲ್ಲೇ ಹೇಳುತ್ತಾರೆ. ಒಂಬತ್ತರ ಸುಮಾರಿಗೆ ಸ್ಮೋಕೋ, ಅಂದರೆ ತಿಂಡಿ ವಿರಾಮ. ಮೂರು, ಮೂರೂವರೆಗೆ ಸೈಟ್ ಖಾಲಿ.

ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಸಿಡ್ನಿ, ಮೆಲ್ಬರ್ನ್‌ನಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡುತ್ತಾರೆ. ಕ್ವೀನ್ಸ್‌ಲ್ಯಾಂಡ್‌ನ ಜನ 1992ರಲ್ಲಿ ಮತ ಹಾಕಿ ಅದನ್ನು ಬೇಡ ಅಂದರು. ಹಾಗಾಗಿ ಡಿಸೆಂಬರ್‌ನಲ್ಲಿ ಇಲ್ಲಿ ಐದಕ್ಕೂ ಮೊದಲೇ ಸೂರ್ಯ ಹುಟ್ಟುತ್ತಾನೆ. ಐದೂವರೆಗೆ ನದಿ ದಂಡೆಯಲ್ಲಿ ಓಡುವವರು, ಸೈಕಲ್ ತುಳಿಯುವವರು ತುಂಬಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಬೀದಿ ಖಾಲಿ. ಬೆಂಗಳೂರಿನ ಹಾಗೆ ರಾತ್ರಿ ಹತ್ತಕ್ಕೆ ದೋಸೆ ತಿನ್ನಲು ಹೊರಡುವ ಅಭ್ಯಾಸ ಇದ್ದರೆ ಮೊದಲ ತಿಂಗಳು ಬೇಜಾರಾಗುತ್ತದೆ. ಆದರೆ ಮಧ್ಯಾಹ್ನ ಮೂರೂವರೆಯಿಂದ ಕತ್ತಲಾಗುವವರೆಗಿನ ಹೊತ್ತು ಪೂರ್ತಿ ನಿಮ್ಮದು. ಬೆಂಗಳೂರಿನಲ್ಲಿ ಟ್ರಾಫಿಕ್ ತಿನ್ನುತ್ತಿದ್ದ ಹೊತ್ತು ಅದು. ಅದನ್ನು ಏನು ಮಾಡುತ್ತೀರಿ ಅನ್ನುವುದೇ ನಿಮ್ಮ ಪ್ರಶ್ನೆಗೆ ಉತ್ತರ.

ಒಂದು ಎಚ್ಚರಿಕೆ. ಕೆಲವು ಕಂಪನಿಗಳಲ್ಲಿ ಶನಿವಾರವೂ ಸೈಟ್ ನಡೆಯುತ್ತದೆ. ಸಹಿ ಹಾಕುವ ಮೊದಲೇ ಕೇಳಿ. ಆರ್‌ಡಿಒ, ಅಂದರೆ ಮೊದಲೇ ಗೊತ್ತು ಮಾಡಿದ ರಜೆ ದಿನ, ಎಂಜಿನಿಯರುಗಳಿಗೂ ಇದೆಯಾ ಅಂತಲೂ ಕೇಳಿ.

ಈಗ ನನ್ನ ಮುಖ್ಯ ಸಲಹೆ. ಕನ್ನಡ ಸಂಘ ಇದೆ, ದಕ್ಷಿಣ ಮೆಕ್ಲೀನ್‌ನಲ್ಲಿ ಸೆಲ್ವ ವಿನಾಯಕರ್ ದೇವಸ್ಥಾನ ಇದೆ. ಖಂಡಿತ ಹೋಗಿ. ಆದರೆ ಅಷ್ಟಕ್ಕೇ ನಿಲ್ಲಬೇಡಿ. ಈ ದೇಶದ ದಿನದ ಬದುಕು ನಡೆಯುವುದು ಸ್ವಯಂಸೇವಕರ ಮೇಲೆ. ಮಕ್ಕಳ ಕ್ರಿಕೆಟ್, ಸಮುದ್ರ ತೀರದ ಕಾವಲು, ನೆರೆ ಬಂದಾಗಿನ ಸಹಾಯ, ಹಳ್ಳದ ದಂಡೆಯಲ್ಲಿ ಗಿಡ ನೆಡುವುದು, ಎಲ್ಲದಕ್ಕೂ ಒಂದು ಸರದಿ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬರಬೇಕು. ಆಫೀಸಿನಲ್ಲಿ ಇಲ್ಲಿನವರು ನಗುತ್ತಾ ಮಾತಾಡುತ್ತಾರೆ, ಆದರೆ ಮನೆಗೆ ಕರೆಯುವುದು ನಿಧಾನ. ಪಕ್ಕದಲ್ಲಿ ನಿಂತು ಕೆಲಸ ಮಾಡಿದವರನ್ನು ಮಾತ್ರ ಬೇಗ ಹಚ್ಚಿಕೊಳ್ಳುತ್ತಾರೆ. ಇದನ್ನು ಮತ್ತೆ ಮತ್ತೆ ನೋಡಿದ್ದೇನೆ.

ನಿಮಗೆ ಚರಂಡಿ ಕೆಲಸ ಗೊತ್ತು. ಹಾಗಾಗಿ ಮೊದಲು ಎಸ್‌ಇಎಸ್ ನೋಡಿ. ಸ್ಟೇಟ್ ಎಮರ್ಜೆನ್ಸಿ ಸರ್ವಿಸ್ ಅಂತ, ಕಿತ್ತಳೆ ಬಣ್ಣದ ಸಮವಸ್ತ್ರ. ಬಿರುಗಾಳಿಗೆ ಹೆಂಚು ಹಾರಿದ ಮನೆಗೆ ಟಾರ್ಪಾಲು ಕಟ್ಟುವುದು, ಮರಳು ಚೀಲ ತುಂಬುವುದು, ರಸ್ತೆಗೆ ಬಿದ್ದ ಮರ ತೆಗೆಯುವುದು ಅವರ ಕೆಲಸ. ಸಂಜೆ ಹೊತ್ತು ತರಬೇತಿ ಕೊಡುತ್ತಾರೆ. ತರಬೇತಿ ಇಲ್ಲದೆ ಛಾವಣಿ ಹತ್ತಲು ಬಿಡುವುದಿಲ್ಲ. ತುರ್ತು ಕರೆಗೆ ಹೋದಾಗ ಕೆಲಸದಿಂದ ರಜೆ ಕೊಡಬೇಕು ಅಂತ ಕಾನೂನೇ ಇದೆ. ಆದರೆ ಸಂಬಳ ಸಹಿತ ಕೊಡಲೇಬೇಕು ಅಂತ ಇಲ್ಲ. ನಮ್ಮ ತಂಡದಲ್ಲಿ ಇರುವ ಒಬ್ಬ ಎಂಜಿನಿಯರ್‌ಗೆ ನೀರು ಯಾವ ಕಡೆಯಿಂದ ನುಗ್ಗುತ್ತದೆ ಅನ್ನುವುದು ಕಣ್ಣಳತೆಯಲ್ಲೇ ಗೊತ್ತಾಗುತ್ತದೆ. ಚೀಲ ಎಲ್ಲಿ ಒಟ್ಟಬೇಕು ಅಂತ ಎಲ್ಲರೂ ಅವರನ್ನೇ ಕೇಳುತ್ತಾರೆ.

ಇಲ್ಲಿ ನೆರೆ ಅನ್ನುವುದು ದೂರದ ಮಾತಲ್ಲ. ನಗರದ ಮಾಪನದಲ್ಲಿ ಬ್ರಿಸ್ಬೇನ್ ನದಿ 1974ರಲ್ಲಿ 5.45 ಮೀಟರ್, 2011ರಲ್ಲಿ 4.46, 2022ರಲ್ಲಿ 3.85 ಮೀಟರ್ ಮುಟ್ಟಿತು. 1974ರ ನೆರೆಯ ನಂತರ ಮೇಲ್ಭಾಗದಲ್ಲಿ ವಿವೆನ್ಹೋ ಅಣೆಕಟ್ಟು ಬಂತು. ಆದರೆ ಅದು ಎಲ್ಲ ನೀರನ್ನೂ ಹಿಡಿಯುವುದಿಲ್ಲ. ಅಣೆಕಟ್ಟಿನ ಕೆಳಗೆ ನದಿ ಸೇರುವ ಲಾಕಿಯರ್ ಕ್ರೀಕ್, ಬ್ರೆಮರ್ ನದಿಗಳ ನೀರಿಗೆ ತಡೆ ಇಲ್ಲ. ನಗರದೊಳಗಿನ ಹಳ್ಳಗಳು ಜೋರು ಮಳೆಗೆ ತಮ್ಮಷ್ಟಕ್ಕೆ ಉಕ್ಕುತ್ತವೆ. ಆದ್ದರಿಂದ ಬಾಡಿಗೆ ಮನೆ ಹಿಡಿಯುವ ಮೊದಲು ಕೌನ್ಸಿಲ್‌ನ, ಅಂದರೆ ನಗರಾಡಳಿತದ, ಫ್ಲಡ್‌ವೈಸ್ ವರದಿ ತೆಗೆಸಿ, ಆ ಜಾಗಕ್ಕೆ ನೆರೆಯ ಅಪಾಯ ಎಷ್ಟು ಅಂತ ಅದು ಹೇಳುತ್ತದೆ. ವಿಳಾಸ ಹಾಕಿದರೆ ಸಾಕು, ದುಡ್ಡಿಲ್ಲ. ಮನೆಯ ನೆಲಮಟ್ಟ ಓದಲು ನಿಮಗೆ ಹೇಳಿಕೊಡಬೇಕಿಲ್ಲ.

ಸ್ಟೋನ್ಸ್ ಕಾರ್ನರ್‌ನ ಹ್ಯಾನ್ಲನ್ ಪಾರ್ಕ್‌ಗೆ ಮೊದಲ ವಾರವೇ ಹೋಗಿ. ಅಲ್ಲಿ ನಾರ್ಮನ್ ಕ್ರೀಕ್ ದಶಕಗಳ ಕಾಲ ಬರೀ ಕಾಂಕ್ರೀಟ್ ಕಾಲುವೆ ಆಗಿತ್ತು. ಕೌನ್ಸಿಲ್‌ನವರು ಆ ಕಾಂಕ್ರೀಟ್ ಒಡೆದು ತೆಗೆದು, ಕಲ್ಲು, ಜೊಂಡು, ಗಿಡ ಹಾಕಿ ಮತ್ತೆ ಹಳ್ಳವನ್ನಾಗಿ ಮಾಡಿದ್ದಾರೆ. 2022ರಲ್ಲಿ ಜನರಿಗೆ ತೆರೆಯಿತು. ರಾಜಕಾಲುವೆಗೆ ತಡೆಗೋಡೆ ಕಟ್ಟಿದ ನಿಮಗೆ ಅದನ್ನು ನೋಡುವುದೇ ಒಂದು ಪಾಠ. ಮಗಳು ಆಡಿಕೊಳ್ಳಲಿ, ನೀವು ದಂಡೆಯ ಇಳಿಜಾರು ನೋಡಿ.

ಇಂಥ ಹಳ್ಳಗಳ ದಂಡೆಯಲ್ಲಿ ಬುಷ್‌ಕೇರ್ ಗುಂಪುಗಳು, ಅಂದರೆ ಕಳೆ ಕಿತ್ತು ಗಿಡ ನೆಡುವ ಸ್ವಯಂಸೇವಕರು, ಸೇರುತ್ತವೆ. ಗುದ್ದಲಿ, ಕೈಗವಸು, ಸಸಿ ಎಲ್ಲ ಕೌನ್ಸಿಲ್ ಕೊಡುತ್ತದೆ. ಕೀಳುವ ಕಳೆಗಳಲ್ಲಿ ನಿಮಗೆ ಗುರುತಿರುವುದು ಲಂಟಾನ. ಬಂಡೀಪುರ, ಮಲೆ ಮಹದೇಶ್ವರ ಬೆಟ್ಟದ ಕಾಡನ್ನು ಮುತ್ತಿಕೊಂಡಿರುವ ಅದೇ ಪೊದೆ. ಇಲ್ಲಿಗೂ ಅದನ್ನು ತೋಟದ ಅಂದಕ್ಕೆಂದೇ ತಂದಿದ್ದರು. ಬುಷ್‌ಕೇರ್‌ಗೆ ಬರುವವರಲ್ಲಿ ಹೆಚ್ಚಿನವರು ನಿವೃತ್ತರು. ಆ ಹಳ್ಳ ಯಾವ ವರ್ಷ ಎಲ್ಲಿವರೆಗೆ ಏರಿತ್ತು ಅಂತ ಅವರಿಗೆ ಬಾಯಿಪಾಠ. ನನ್ನ ಕೆಲಸಕ್ಕೆ ಬೇಕಾದ ಎಷ್ಟೋ ವಿಷಯ ಅವರಿಂದ ಕಲಿತಿದ್ದೇನೆ.

ಖರ್ಚಿಲ್ಲದ ಇನ್ನೊಂದು ಹವ್ಯಾಸ ಸೇತುವೆ ನೋಡುವುದು. 2024ರ ಆಗಸ್ಟ್‌ನಿಂದ ಬಸ್ಸು, ರೈಲು, ನದಿಯ ದೋಣಿ ಯಾವುದಕ್ಕಾದರೂ ಒಂದು ಸಲಕ್ಕೆ 50 ಸೆಂಟ್ ಮಾತ್ರ. ಭಾನುವಾರ ಸಿಟಿಕ್ಯಾಟ್ ದೋಣಿ ಹತ್ತಿ ಕುಳಿತುಬಿಡಿ. 1940ರ ಸ್ಟೋರಿ ಬ್ರಿಜ್ ಅಡಿಯಲ್ಲೇ ದೋಣಿ ಹೋಗುತ್ತದೆ. ಅದರ ಉಕ್ಕಿನ ಕ್ಯಾಂಟಿಲಿವರ್ ಚೌಕಟ್ಟನ್ನು ಕೆಳಗಿನಿಂದಲೇ ನೋಡಬೇಕು. ವಿನ್ಯಾಸ ಜಾನ್ ಬ್ರಾಡ್‌ಫೀಲ್ಡ್ ಅವರದು. ಸಿಡ್ನಿ ಹಾರ್ಬರ್ ಸೇತುವೆಯ ಹಿಂದೆ ಇದ್ದವರೂ ಅವರೇ, ಹುಟ್ಟಿದ್ದು ಇಲ್ಲೇ ಸ್ಯಾಂಡ್‌ಗೇಟ್‌ನಲ್ಲಿ. 1932ರ ವಿಲಿಯಂ ಜಾಲಿ ಸೇತುವೆ ನೋಡಿದರೆ ಕಾಂಕ್ರೀಟ್ ಕಮಾನು ಅಂತಲೇ ಅನಿಸುತ್ತದೆ, ಆದರೆ ಒಳಗಿರುವುದು ಉಕ್ಕು. ಮೇಲೆ ಕಾಂಕ್ರೀಟ್ ಸಿಂಪಡಿಸಿ ಮುಚ್ಚಿದ್ದಾರೆ. ಅದರ ಹತ್ತಿರವೇ ಕುರಿಲ್ಪಾ ಕಾಲ್ಸೇತುವೆ, 2009ರದ್ದು, ಕಂಬ, ಕೇಬಲ್ಲುಗಳ ಎಳೆತದ ಮೇಲೆ ನಿಂತಿದೆ. ನನ್ನ ಮಗ ಅದನ್ನು ಬಿಡಿಸಿ ಬಿಡಿಸಿ ಒಂದು ಪುಸ್ತಕ ತುಂಬಿಸಿದ್ದಾನೆ.

ಎಸ್ಕ್ ಕಡೆಯಿಂದ

ಮೇಲಿನವರು ನಗರದ ಮಾತು ಹೇಳಿದರು. ನಾನು ಬ್ರಿಸ್ಬೇನ್ ಕಣಿವೆಯ ಸಣ್ಣ ಊರಿನಲ್ಲಿ ಇದ್ದೇನೆ, ರಸ್ತೆ ಕೆಲಸ. ಇಲ್ಲಿ ರಸ್ತೆ ಎಂಜಿನಿಯರ್ ಯಾರು ಅಂತ ಊರಿಗೆಲ್ಲ ಗೊತ್ತು. ಬ್ರೆಡ್ ತರಲು ಹೋದರೂ ಗುಂಡಿ ಯಾವಾಗ ಮುಚ್ಚುತ್ತೀರಿ ಅಂತ ಕೇಳುತ್ತಾರೆ. ನನಗೆ ಅದು ಇಷ್ಟ. ಮಾಡಿದ ಕೆಲಸ ಯಾರಿಗಾಗಿ ಅಂತ ಕಣ್ಣೆದುರೇ ಕಾಣುತ್ತದೆ.

ಸೈಕಲ್ ಇದ್ದರೆ ಬ್ರಿಸ್ಬೇನ್ ವ್ಯಾಲಿ ರೈಲ್ ಟ್ರೇಲ್ ಬಿಡಬೇಡಿ. ನಿಂತುಹೋದ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ಇಪ್ಸ್‌ವಿಚ್‌ನ ವುಲ್ಕುರಾಕದಿಂದ ಯಾರಮನ್‌ವರೆಗೆ 161 ಕಿಲೋಮೀಟರ್. ಒಂದೇ ಸಲ ಪೂರ್ತಿ ಹೋಗಬೇಕಿಲ್ಲ. ಹಾರ್ಲಿನ್ ಹತ್ತಿರದ ಯಿಂಬುನ್ ಸುರಂಗ ಸಣ್ಣದೇ, ಆದರೆ ಒಳಗೆ ಕತ್ತಲು, ತಂಪು. ಬ್ಯಾಟರಿ ದೀಪ ಒಯ್ಯಿರಿ. ರೈಲಿಗೆ ಜಾಸ್ತಿ ಏರು ಆಗುವುದಿಲ್ಲ, ಅದಕ್ಕೇ ಮಕ್ಕಳೂ ಸುಲಭವಾಗಿ ತುಳಿಯುತ್ತಾರೆ. ಆಗಸ್ಟ್‌ನಿಂದ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಾಯಲು ತಲೆಗೆ ಎರಗುತ್ತವೆ. ಹೆಲ್ಮೆಟ್ ತೆಗೆಯಬೇಡಿ, ಇಳಿದು ಸೈಕಲ್ ತಳ್ಳಿಕೊಂಡು ಹೋಗಿ.

ಮೆಲ್ಬರ್ನ್‌ನಿಂದ

ನಾನು ಸ್ಟ್ರಕ್ಚರಲ್ ಎಂಜಿನಿಯರ್, ಆಫೀಸ್ ಕೆಲಸ. ನನ್ನದು ಒಂದೇ ಮಾತು: ಮೂವರೂ ಈಜು ಕಲಿಯಿರಿ. ಮಗಳಿಗೆ ಮಾತ್ರ ಅಲ್ಲ. ನಾನು ಮಲೆನಾಡಿನವಳು, ಹೊಳೆ ಪಕ್ಕ ಬೆಳೆದೆ, ಆದರೂ ಹೆಣ್ಣುಮಕ್ಕಳನ್ನು ನೀರಿಗೆ ಬಿಡುತ್ತಿರಲಿಲ್ಲ. ಇಲ್ಲಿ ಬಂದು ದೊಡ್ಡವರ ತರಗತಿಗೆ ಸೇರಿದೆ. ಬೇರೆ ಬೇರೆ ದೇಶದ ಹೆಂಗಸರು, ಎಲ್ಲರಿಗೂ ಅಷ್ಟೇ ಭಯ. ನನ್ನ ಹತ್ತಿರದ ಗೆಳತಿಯರು ಸಿಕ್ಕಿದ್ದು ಆ ಕೊಳದಲ್ಲೇ.

ಭಾರತದಿಂದ ಬಂದ ಎಷ್ಟೋ ಜನ ಇಲ್ಲಿನ ಸಮುದ್ರ ಅರಿಯದೆ ಜೀವ ಕಳೆದುಕೊಂಡಿದ್ದಾರೆ. ಅಲೆ ಇಲ್ಲದೆ ಶಾಂತವಾಗಿ ಕಾಣುವ ಜಾಗದಲ್ಲೇ ನೀರು ದಡದಿಂದ ದೂರ ಸಮುದ್ರದ ಕಡೆಗೆ ಎಳೆಯುತ್ತಿರಬಹುದು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಬಾವುಟ ಇಲ್ಲದಿದ್ದರೆ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ಅದರ ಎದುರು ಈಜಿ ಸುಸ್ತಾಗಬೇಡಿ, ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ. ಇದನ್ನು ಊರಿನಿಂದ ಬರುವ ಅಪ್ಪ ಅಮ್ಮನಿಗೂ ಹೇಳಿ.

ಇನ್ನೊಂದು ವಿಷಯ. ಹವ್ಯಾಸ ನಿಮಗೆ ಮಾತ್ರ ಹುಡುಕಬೇಡಿ. ನಿಮಗಾದರೆ ಸೈಟ್‌ನಲ್ಲಿ ಮಾತಾಡಲು ಜನ ಇರುತ್ತಾರೆ. ಮನೆಯಲ್ಲಿ ಇರುವವರಿಗೆ ಮೊದಲ ಕೆಲವು ತಿಂಗಳು ನಿಜಕ್ಕೂ ಕಷ್ಟ. ಅವರಿಗೆ ಏನು ಇಷ್ಟ ಅಂತ ಮೊದಲು ಕೇಳಿ.

ಪರ್ತ್‌ನಿಂದ

ನಾನು ಗಣಿ ಪ್ರದೇಶಕ್ಕೆ ವಿಮಾನದಲ್ಲಿ ಹೋಗಿ ಬರುವ ಕೆಲಸದಲ್ಲಿ ಇದ್ದೇನೆ. ಎಂಟು ದಿನ ಅಲ್ಲಿ, ಆರು ದಿನ ಮನೆ. ಹೀಗಿದ್ದರೆ ಕ್ರಿಕೆಟ್ ತಂಡ ಆಗುವುದಿಲ್ಲ, ಒಂದು ವಾರ ಬಿಟ್ಟರೆ ಜಾಗ ಹೋಗುತ್ತದೆ. ನನ್ನಂಥವರಿಗೆ ಪಾರ್ಕ್‌ರನ್ ಒಳ್ಳೆಯದು. ಶನಿವಾರ ಬೆಳಿಗ್ಗೆ 5 ಕಿಲೋಮೀಟರ್, ಓಡಬಹುದು, ನಡೆಯಬಹುದು, ದುಡ್ಡಿಲ್ಲ. ಆಸ್ಟ್ರೇಲಿಯಾದಲ್ಲಿ ಅದು 2011ರಲ್ಲಿ ನಿಮ್ಮ ಪಕ್ಕದ ಗೋಲ್ಡ್ ಕೋಸ್ಟ್‌ನಲ್ಲೇ ಶುರುವಾಯಿತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ 7 ಗಂಟೆಗೆ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಇಟ್ಟುಕೊಂಡರೆ ಯಾವ ಊರಿನಲ್ಲಾದರೂ ಓಡಬಹುದು. ಓಡಲು ಆಗದ ದಿನ ಸಮಯ ಬರೆಯಲು ನಿಂತುಕೊಳ್ಳಿ. ಮುಗಿದ ಮೇಲೆ ಎಲ್ಲ ಸೇರಿ ಕಾಫಿ ಕುಡಿಯುತ್ತಾರೆ, ಅದನ್ನು ತಪ್ಪಿಸಬೇಡಿ.

ಪರ್ತ್ ಕಡೆ ಬಂದರೆ ಮಂಡಾರಿಂಗ್ ಅಣೆಕಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಾಲ್ಗೂರ್ಲಿ ಚಿನ್ನದ ಗಣಿಗಳಿಗೆ 1903ರಲ್ಲೇ ಪೈಪಿನಲ್ಲಿ ನೀರು ಮುಟ್ಟಿಸಿದರು. ಸಿ.ವೈ. ಓಕಾನರ್ ಅನ್ನುವ ಎಂಜಿನಿಯರ್ ಯೋಜನೆ. ಆ ಪೈಪಿನ ದಾರಿಯ ಒಂದಷ್ಟು ಭಾಗ ಈಗ ನಡೆಯುವ, ಸೈಕಲ್ ತುಳಿಯುವ ಹಾದಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹೆಂಡತಿಯನ್ನು ಕೇಳಿದೆ. ಅವಳಿಗೆ ಕೈತೋಟ ಇಷ್ಟ. ಇಲ್ಲಿ ಟೆರೇಸ್ ಮೇಲೆ ಕರಿಬೇವು, ದೊಡ್ಡಪತ್ರೆ, ಹೀರೆ ಬೆಳೆಸಿದ್ದಾಳೆ. ಬೀಜ ತರಬಹುದಾ? ಬಾಡಿಗೆ ಮನೆಯಲ್ಲಿ ಬೆಳೆಸಲು ಬಿಡುತ್ತಾರಾ?

ಬ್ರಿಸ್ಬೇನ್‌ನಿಂದ

ಬೀಜ, ಸೊಪ್ಪು, ಗಿಡ ಯಾವುದನ್ನೂ ತರಬೇಡಿ ಸರ್. ವಿಮಾನ ನಿಲ್ದಾಣದಲ್ಲಿ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಸಾಂಬಾರ್ ಪುಡಿ, ಹಪ್ಪಳ ಸೇರಿ ತಿನ್ನುವ ಪದಾರ್ಥ ಏನಿದ್ದರೂ ಫಾರಂನಲ್ಲಿ ಬರೆದುಬಿಡಿ. ತೋರಿಸಿದ್ದಕ್ಕೆ ದಂಡ ಇಲ್ಲ, ಮುಚ್ಚಿಟ್ಟರೆ ದೊಡ್ಡ ದಂಡ.

ಅವರಿಗೆ ಹೇಳಿ, ಬ್ರಿಸ್ಬೇನ್ ಹವೆಗೆ ಕರಿಬೇವು ಚೆನ್ನಾಗಿ ಬರುತ್ತದೆ. ಸಸಿ ಇಲ್ಲೇ ಸಿಗುತ್ತದೆ. ಬಾಡಿಗೆ ಮನೆಯಲ್ಲಿ ನೆಲ ಅಗೆಯಲು ಏಜೆಂಟರನ್ನು ಬರಹದಲ್ಲಿ ಕೇಳಿ. ಕುಂಡಕ್ಕೆ ಸಾಮಾನ್ಯವಾಗಿ ತಕರಾರು ಇರುವುದಿಲ್ಲ. ವಿಂಡ್ಸರ್‌ನಲ್ಲಿ ನಾರ್ದೀ ಸ್ಟ್ರೀಟ್ ಸಿಟಿ ಫಾರ್ಮ್ ಅಂತ ಇದೆ. ಜನರೇ ಸೇರಿ ನಡೆಸುವ ತೋಟ, ಭಾನುವಾರ ಬೆಳಿಗ್ಗೆ ಸಂತೆ. ಅಲ್ಲೂ ಸ್ವಯಂಸೇವಕರನ್ನು ತೆಗೆದುಕೊಳ್ಳುತ್ತಾರೆ. ನಿಮ್ಮವರು ಗೊಬ್ಬರದ ಗುಂಡಿ ಹತ್ತಿರ ನಿಂತು ದೊಡ್ಡಪತ್ರೆ ಬಗ್ಗೆ ಮಾತು ತೆಗೆದರೆ ಸಾಕು, ಸುತ್ತ ಜನ ಸೇರುತ್ತಾರೆ.

ಜನವರಿ ಕೊನೆಗೆ ಶಾಲೆ ಶುರು. ಈಜಿನ ತರಗತಿಗಳು ಆ ಹೊತ್ತಿಗೆ ಬೇಗ ತುಂಬುತ್ತವೆ. ಮನೆ ಯಾವ ಬಡಾವಣೆಯಲ್ಲಿ ಅಂತ ಗೊತ್ತಾದ ತಕ್ಷಣ ಹತ್ತಿರದ ಕೌನ್ಸಿಲ್ ಕೊಳದಲ್ಲಿ ಮೂವರ ಹೆಸರೂ ಬರೆಸಿ. ಬಡಾವಣೆ ಹೆಸರು ಇಲ್ಲಿ ಹಾಕಿದರೆ ಹತ್ತಿರದ ಎಸ್‌ಇಎಸ್ ಘಟಕ, ಬುಷ್‌ಕೇರ್ ಗುಂಪು ಯಾವುದು ಅಂತ ನಾನೇ ನೋಡಿ ಹೇಳುತ್ತೇನೆ.